ಎಂಟೂವರೆಯ ರೀಡಿಂಗ್

ಜೂನ್ 9, ಬೆಳಿಗ್ಗೆ 8:50

ಮಳೆ 3.2 ಮಿಲಿಮೀಟರ್. ಕನಿಷ್ಠ ಉಷ್ಣಾಂಶ 21.4. ಗಾಳಿ ನೈಋತ್ಯದಿಂದ, ಮೆಲ್ಲಗೆ. ಬೇಲಿಯ ಗೇಟಿನ ಮೊಳೆಗೆ ಮತ್ತೆ ಅಂಗಿಯ ತೋಳು ಸಿಕ್ಕಿಕೊಂಡು ಪರ್ರೆಂದಿತು.

ಆರನೇ ದಿನ. ಇವತ್ತು ಅಳತೆ ಗ್ಲಾಸನ್ನು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದೆ. ತಾತ ಬೈಯಲಿಲ್ಲ. ತಾತ ಎಂದರೆ ನನ್ನ ತಾತನಲ್ಲ, ನನಗಿಂತ ಮೊದಲು ಈ ಕೆಲಸದಲ್ಲಿದ್ದವರು. ಮೂವತ್ತನಾಲ್ಕು ವರ್ಷ ಇಲ್ಲಿ ಮಳೆ ಅಳೆದು, ಕಣ್ಣಿಗೆ ಪೊರೆ ಬಂದು ಮನೆ ಸೇರಿದರು. ಇಡೀ ಯೂನಿವರ್ಸಿಟಿಗೆ ಅವರು ಮಳೆ ತಾತ. ಒಂದು ವಾರ ಬಂದು ಕಲಿಸಿಕೊಡಿ ಎಂದಿದ್ದಕ್ಕೆ ಒಂದು ಗಂಟೆ ಮುಂಚೆಯೇ ಬಂದು ಬೇಲಿಯ ಹತ್ತಿರ ನಿಂತಿರುತ್ತಾರೆ.

ಕೆಲಸ ಇಷ್ಟೇ. ಕಟ್ಟಡದ ಹಿಂದೆ ಒಂದು ಚೂರು ಹುಲ್ಲು, ಸುತ್ತ ತಂತಿ ಬೇಲಿ. ಒಳಗೆ ನಾಲ್ಕು ಕಾಲಿನ ಬಿಳಿ ಮರದ ಪೆಟ್ಟಿಗೆ, ಅದರಲ್ಲಿ ನಾಲ್ಕು ಥರ್ಮಾಮೀಟರು. ಪಕ್ಕದಲ್ಲಿ ಮಳೆ ಹಿಡಿಯುವ ಡಬ್ಬ. ಬೆಳಿಗ್ಗೆ ಎಂಟೂವರೆ, ಸಂಜೆ ಐದೂವರೆ — ಓದಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಮಿಕ್ಕ ಹೊತ್ತು ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸಬೇಕು.

ಹೆಡ್ ಮೇಡಂ ಮೊದಲ ದಿನವೇ ಹೇಳಿದ್ದರು: "ಅರವತ್ತೊಂದು ವರ್ಷದಿಂದ ಒಂದು ಹೊತ್ತೂ ತಪ್ಪಿಲ್ಲ. ನಿಮ್ಮ ಕಾಲದಲ್ಲಿ ತಪ್ತು ಅನ್ನೋ ಮಾತು ಬರೋದು ಬೇಡ. ಆಕಾಶಕ್ಕೆ ಭಾನುವಾರ ಇರಲ್ಲ."

ನನಗೂ ಇಲ್ಲ ಎಂದಾಯಿತು.

ಜೂನ್ 9, ಸಂಜೆ 6:15

ರೂಮು. ಕೆಳಗೆ ಜೆರಾಕ್ಸ್ ಅಂಗಡಿ. ಮಿಷಿನ್ ಓಡಿದಾಗಲೆಲ್ಲ ನೆಲ ಬೆಚ್ಚಗಾಗುತ್ತದೆ. ಕಿಟಕಿ ತೆಗೆದರೆ ಹುಡುಗಿಯರ ಹಾಸ್ಟೆಲಿನ ಹಿಂಗೋಡೆ. ಒಂದು ಮಂಚ, ಒಂದು ಮೇಜು, ಒಂದೂವರೆ ಕುರ್ಚಿ (ಇನ್ನೊಂದಕ್ಕೆ ಬೆನ್ನಿಲ್ಲ).

ಅಕ್ಕನಿಗೆ ಫೋನ್ ಮಾಡಿದೆ.

"ಮಳೆ ಅಳೆಯೋಕೂ ಸಂಬಳ ಕೊಡ್ತಾರೇನೇ? ನಾನಾಗಿದ್ರೆ ಹಿತ್ತಿಲಲ್ಲಿ ಬಕೆಟ್ ಇಟ್ಟು ಪುಕ್ಕಟೆ ಅಳೆದು ಕೊಡ್ತಿದ್ದೆ."

"ಪಾಯಿಂಟ್ ಲೆಕ್ಕ ಕಣೇ ಅಕ್ಕ, ಬಕೆಟ್ ಅಲ್ಲ."

"ಸರಿ ಸರಿ, ದೊಡ್ಡ ಮನುಷ್ಯಳು. ಇವತ್ತು ಎಷ್ಟು, ಅದನ್ನ ಹೇಳು."

3.2 ಎಂದೆ. ಹೊಲಿಗೆ ಮಿಷಿನ್ ಪಕ್ಕದ ಕ್ಯಾಲೆಂಡರಿನಲ್ಲಿ ದಿನವೂ ಬರೆದುಕೊಳ್ಳುತ್ತಾಳಂತೆ. ಯಾಕೆ ಎಂದು ಕೇಳಿದರೆ, "ನೀನು ಕೆಲಸ ಮಾಡ್ತಿದ್ದೀಯೋ, ನಿದ್ದೆ ಮಾಡ್ತಿದ್ದೀಯೋ ಗೊತ್ತಾಗ್ಬೇಕಲ್ಲ."

ಅಪ್ಪ ತೀರಿಕೊಂಡ ವರ್ಷ ಅವಳು ಕಾಲೇಜು ಬಿಟ್ಟು ಆ ಮಿಷಿನ್ ಮುಂದೆ ಕೂತವಳು. ಹನ್ನೊಂದು ವರ್ಷವಾಯಿತು. ನನ್ನ ಡಿಗ್ರಿಯ ಒಂದೊಂದು ಹಾಳೆಯೂ ಅವಳ ಪೆಡಲಿನಿಂದ ಬಂದದ್ದು. ಅವಳೆದುರು ಇದನ್ನು ಹೇಳಿದರೆ ಕಿವಿ ಹಿಂಡುತ್ತಾಳೆ.

ಜೂನ್ 22, ಬೆಳಿಗ್ಗೆ 9:10

ಮಳೆ 8.0. ಪೋಸ್ಟಿನಲ್ಲಿ ಅಕ್ಕನ ಪೊಟ್ಟಣ!

ನಾಲ್ಕು ಥರ್ಮಾಮೀಟರಿನಲ್ಲಿ ಒಂದರ ಬುಡಕ್ಕೆ, ಗಾಳಿಯ ತೇವ ಅಳೆಯಲು, ಸದಾ ಒದ್ದೆ ಬಟ್ಟೆ ಇರಬೇಕು, ವಾರಕ್ಕೊಮ್ಮೆ ಬದಲಿಸಬೇಕು. ಸ್ಟೋರಿನವರು ಕೊಡುವುದು ಗೋಣಿಚೀಲದ ಅಣ್ಣನಂಥ ಬಟ್ಟೆ. ಮಾತಿಗೆ ಹೇಳಿದ್ದೆ ಅಷ್ಟೇ. ತೆಳು ಮಸ್ಲಿನ್‌ನಲ್ಲಿ ಹನ್ನೆರಡು ಟೊಪ್ಪಿ ಹೊಲಿದು ಕಳಿಸಿದ್ದಾಳೆ. ಕಿರುಬೆರಳ ತುದಿ ಹೊಗುವಷ್ಟು. ಗಂಜಿ ಹೋಗುವಂತೆ ಎರಡು ಸಲ ಕುದಿಸಿದ್ದಾಳೆ, ಅಂಚು ಮಡಿಸಿ ಕಣ್ಣಿಗೆ ಕಾಣದ ಹೊಲಿಗೆ ಹಾಕಿದ್ದಾಳೆ. ಜೊತೆಗೆ ಚೀಟಿ: "ನಿನ್ನ ಥರ್ಮಾಮೀಟರಿಗೆ ಶೀತ ಆಗದಿರಲಿ."

ಕಲಿಸುವ ವಾರ ಮುಗಿದರೂ ಬರುವ ತಾತ ಒಂದನ್ನು ಕಣ್ಣಿಗೆ ಅಂಟಿಸಿಕೊಂಡಂತೆ ಹಿಡಿದು ನೋಡಿದರು. "ಮೂವತ್ನಾಲ್ಕು ವರ್ಷದಲ್ಲಿ ಇಂಥದ್ದು ಹಾಕಿಲ್ಲಮ್ಮ ನಾನು. ಯಾರು ಹೊಲಿದದ್ದು?"

ನಮ್ಮಕ್ಕ ಎಂದೆ. ಎದೆ ಉಬ್ಬಿತು.

ಜುಲೈ 3, ಸಂಜೆ

ಗರಿಷ್ಠ 26.8. ಅಕ್ಕ ಮಾತಿನ ನಡುವೆ ನಾಲ್ಕು ಸಲ ಕೆಮ್ಮಿದಳು. ಏನೇ ಅದು ಎಂದರೆ, "ಬಟ್ಟೆಯ ದೂಳು." ಆಮೇಲೆ ಅಮ್ಮ ಫೋನ್ ಕಿತ್ತುಕೊಂಡು ಪಿಸುಗುಟ್ಟಿದಳು — ಎದೆಯಲ್ಲಿ ನೀರು ತುಂಬಿತ್ತು, ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬಂದಿದ್ದಾರೆ, ನಿನಗೆ ಹೇಳಬೇಡ ಎಂದಿದ್ದಾಳೆ.

ಹೇಳಬೇಡ ಅಂದಿದ್ದನ್ನು ಹೇಳಿದ್ದಕ್ಕೆ ಅಮ್ಮನ ಮೇಲೇ ಸಿಟ್ಟು ಬಂತು. ಎಂಥ ಹುಚ್ಚು.

ಜುಲೈ 11, ಬೆಳಿಗ್ಗೆ 9:50

ಮಳೆ 17.4. ಕೊಡೆ ಉಲ್ಟಾ ಆಯಿತು.

ಅಮ್ಮ ಬೆಳಿಗ್ಗೆಯೇ ಫೋನ್ ಮಾಡಿದ್ದಳು. "ಒಂದ್ಸಲ ಬಂದ್ಹೋಗೇ. ಅವಳು ಬಾಯಿಬಿಟ್ಟು ಹೇಳಲ್ಲ. ಗೇಟು ಸದ್ದಾದ್ರೆ ಕತ್ತೆತ್ತಿ ನೋಡ್ತಾಳೆ."

ಬಸ್ಸಿಗೆ ಏಳು ಗಂಟೆ ದಾರಿ. ಬೆಳಿಗ್ಗೆಯ ರೀಡಿಂಗ್ ಮುಗಿಸಿ ಹತ್ತರ ಬಸ್ ಹಿಡಿದರೆ ಐದಕ್ಕೆ ಮನೆ. ಮಾರನೇ ದಿನ ಮಧ್ಯಾಹ್ನಕ್ಕೆ ವಾಪಸು. ತಪ್ಪುವುದು ಒಂದು ಸಂಜೆ, ಒಂದು ಬೆಳಿಗ್ಗೆ. ಎರಡೇ ರೀಡಿಂಗ್.

ಮೇಡಂ ರೂಮಿನ ಬಾಗಿಲವರೆಗೆ ಹೋದೆ. ಗೋಡೆಯ ಮೇಲೆ ಆ ಗ್ರಾಫ್ — ಅರವತ್ತೊಂದು ವರ್ಷದ ಗೆರೆ, ಎಲ್ಲೂ ಕಡಿದಿಲ್ಲ. ಪ್ರೊಬೇಷನ್ ಮುಗಿಯಲು ಇನ್ನೂ ಏಳು ವಾರ... ನೀರು ಕುಡಿದು ಬಂದೆ.

ಜುಲೈ 11, ಸಂಜೆ 6:00

"ಬರ್ತೀನಿ ಕಣೇ" ಅಂದೆ ಅಕ್ಕನಿಗೆ.

"ಬರಬೇಡ. ಕೆಲಸ ಕಳ್ಕೊಂಡು ಬಂದ್ರೆ ಬಾಗಿಲೇ ತೆಗೆಯಲ್ಲ ನಾನು. ಪರ್ಮನೆಂಟ್ ಆಗ್ಲಿ, ಆಮೇಲೆ ನಾನೇ ಬರ್ತೀನಿ. ಆ ಪೆಟ್ಟಿಗೆ ನೋಡ್ಬೇಕು. ನನ್ನ ಟೊಪ್ಪಿ ಹಾಕ್ಕೊಂಡು ಹೇಗಿದೆ ಅದು?"

"ಮದುಮಗನ ಥರ ಇದೆ."

ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಬರಬೇಡ ಎಂದಾಗ ಹಗುರವಾಯಿತು. ಬರೆದಿಡುತ್ತೇನೆ — ಹಗುರವಾಯಿತು.

ಜುಲೈ 19

ಭಾನುವಾರ. ಮಳೆ 0.6. ತಾತ ವಾಕಿಂಗ್ ನೆಪದಲ್ಲಿ ಬೇಲಿಯ ಹತ್ತಿರ ಬಂದರು. ಕೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು: ತಾತ, ಎರಡು ಹೊತ್ತು ನೋಡಿಕೊಳ್ಳುತ್ತೀರಾ?

ಅಷ್ಟರಲ್ಲಿ ಅವರೇ ಶುರುಮಾಡಿದರು. "ಮಗಳ ಮದುವೆ ದಿನಾನೂ ಎಂಟೂವರೆಗೆ ಇಲ್ಲಿದ್ದೆ. ಜ್ವರದಲ್ಲೂ ಬಂದಿದ್ದೀನಿ. ಒಂದು ಹೊತ್ತು ತಪ್ಪಿಸಿಲ್ಲ ಕಣಮ್ಮ."

ಬಂದ ಮಾತನ್ನು ಹಾಗೇ ನುಂಗಿಕೊಂಡೆ.

ಜುಲೈ 23, ಸಂಜೆ 5:50

ಇವತ್ತು ತಮಾಷೆ ಇಲ್ಲ, ಬೈಗುಳ ಇಲ್ಲ. ಫೋನನ್ನು ಅಮ್ಮ ಅವಳ ಕಿವಿಗೆ ಹಿಡಿದಿದ್ದಳು.

"ಎಷ್ಟು?"

"ಸೊನ್ನೆ, ಅಕ್ಕ. ಮಳೆ ಬರಲೇ ಇಲ್ಲ."

"ಒಳ್ಳೇದಾಯ್ತು... ಸೊನ್ನೆ ಬರೆಯೋದು ಸುಲಭ."

ಶನಿವಾರ ಹೊರಡುತ್ತೇನೆ. ಏನಾದರಾಗಲಿ. ನಾಡಿದ್ದು ತಾನೆ. ನಾಳೆ ಮೇಡಂಗೆ ಹೇಳುತ್ತೇನೆ.

ಜುಲೈ 24, ಬೆಳಿಗ್ಗೆ 8:45

ಮಳೆ 12.6. ಕನಿಷ್ಠ 20.9. ಗ್ಲಾಸನ್ನು ಎರಡು ಸಲ ಓದಿದೆ, ಎರಡು ಸಲವೂ ಅಷ್ಟೇ. ಮೇಡಂ ಒಂಬತ್ತೂವರೆಗೆ ಬರುತ್ತಾರೆ. ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ.

9:20

ಫೋನ್ ಬ್ಯಾಗಿನಲ್ಲಿ, ಸೈಲೆಂಟಿನಲ್ಲಿ. ಒಂಬತ್ತು ಮಿಸ್ಡ್ ಕಾಲ್. ಅಕ್ಕ. ಎಂಟೂವರೆಗೆ ಸರಿಯಾಗಿ, ಅಂತೆ. ಅಮ್ಮ ಗಡಿಯಾರ ನೋಡಿದಳಂತೆ.

ಬಸ್ ಹತ್ತಕ್ಕೆ.

ಆಗಸ್ಟ್ 2, ಸಂಜೆ

ಬಂದೆ. ರೂಮಿನಲ್ಲಿ ಮುಗ್ಗಲು ವಾಸನೆ. ಕೆಳಗೆ ಜೆರಾಕ್ಸ್ ಮಿಷಿನ್ ಓಡುತ್ತಿದೆ, ನೆಲ ಬೆಚ್ಚಗಿದೆ.

ಅಲ್ಲಿನದನ್ನು ಬರೆಯುವುದಿಲ್ಲ. ಬರೆಯಲಾರೆ.

ಆಗಸ್ಟ್ 3, ಬೆಳಿಗ್ಗೆ 9:40

ಮಳೆ 5.0.

ರಿಜಿಸ್ಟರ್ ತೆಗೆದೆ. ಎಲ್ಲ ಖಾಲಿ ಇರುತ್ತದೆ, ಕೆಲಸವೂ ಹೋಗಿರುತ್ತದೆ ಎಂದುಕೊಂಡಿದ್ದೆ. ಅವತ್ತು ಓಡುವಾಗ ಗೇಟಿನ ವಾಚ್‌ಮನ್‌ಗೆ ಏನು ಹೇಳಿದೆನೋ ನೆನಪಿಲ್ಲ, ಅವನೇ ಸುದ್ದಿ ಮುಟ್ಟಿಸಿರಬೇಕು. ಇಪ್ಪತ್ತನಾಲ್ಕರ ಸಂಜೆಯಿಂದ ಒಂದು ಚೌಕವೂ ಖಾಲಿ ಬಿಟ್ಟಿಲ್ಲ. ದೊಡ್ಡ ದೊಡ್ಡ ನಡುಗುವ ಅಂಕಿಗಳು. ತಾತನ ಅಕ್ಷರ.

ಮೇಡಂ ನನ್ನ ಭುಜದ ಮೇಲೆ ಕೈ ಇಟ್ಟರು. "ಕೇಳಿ ಬಹಳ ಬೇಜಾರಾಯ್ತು. ರೀಡಿಂಗ್ ಯೋಚನೆ ಬಿಡಿ, ಒಂದೂ ತಪ್ಪಿಲ್ಲ."

ಸಮಾಧಾನಕ್ಕೇ ಹೇಳಿದ್ದು. ಗೊತ್ತು. ಆದರೂ ಆ ಗ್ರಾಫ್ ಹರಿದು ಹಾಕಬೇಕು ಅನಿಸಿತು.

ಥರ್ಮಾಮೀಟರಿನ ಟೊಪ್ಪಿ ಬದಲಿಸಿದೆ. ಹಳೆಯದನ್ನು ಎಸೆಯಲು ಕೈ ಬರಲಿಲ್ಲ. ಒಣಗಿಸಿ ಪುಸ್ತಕದೊಳಗೆ ಇಟ್ಟೆ. ಇನ್ನು ಆರು ಉಳಿದಿವೆ.

ಆಗಸ್ಟ್ 4, ಸಂಜೆ 6:30

ತಾತ ಬಂದಿದ್ದರು. ಭೂತಗನ್ನಡಿ ಹಿಡಿದು ಓದಿದೆ, ಒಂದೆರಡು ಪಾಯಿಂಟ್ ಆಚೆ ಈಚೆ ಇರಬಹುದು ಎಂದರು. ಬೇಲಿಯ ಹೊರಗಿನ ಕಲ್ಲು ಬೆಂಚಿನ ಮೇಲೆ ಕೂತೆವು.

"ಮೊದಲೇ ಹೇಳಿದ್ರೆ ಅವತ್ತೇ ಬರ್ತಿದ್ನಲ್ಲ ತಾಯಿ."

"ಹೇಗೆ ಕೇಳ್ಲಿ ತಾತ? ಒಂದು ಹೊತ್ತೂ ತಪ್ಪಿಸಿಲ್ಲ ಅಂತಿದ್ರಲ್ಲ ನೀವು."

ಕೋಲನ್ನು ಬೆಂಚಿಗೆ ಒರಗಿಸಿದರು. ಆಮೇಲೆ, "ತಪ್ಪಿಸಿದ್ದೀನಿ."

ಅವರ ಹೆಂಡತಿ ಹೋದ ದಿನ. ಸಂಜೆಯದು. "ಅವಳ ಕೈ ಹಿಡ್ಕೊಂಡು ಕೂತಿದ್ದೆ. ಐದೂವರೆ ಆಯ್ತು, ಆರಾಯ್ತು. ಬಿಡಲಿಲ್ಲ. ಎರಡು ದಿನ ಬಿಟ್ಟು ಬಂದು ಅಂದಾಜಿಗೆ ಬರೆದೆ, ಗರಿಷ್ಠ ಇಪ್ಪತ್ತೇಳು ಪಾಯಿಂಟ್ ನಾಲ್ಕು. ನಡುವಿನದ್ದೂ ಅಂದಾಜೇ. ಇಪ್ಪತ್ತಮೂರು ವರ್ಷ ಆಯ್ತು. ಯಾರಿಗೂ ಗೊತ್ತಾಗ್ಲಿಲ್ಲ. ಆಕಾಶಕ್ಕೂ ಏನೂ ಆಗ್ಲಿಲ್ಲ."

"ಇದನ್ನ ಮುಂಚೆ ಹೇಳಕ್ಕೇನಾಗಿತ್ತು ನಿಮಗೆ?" ಎಂದು ಕೂಗಿದೆ. ಹಿರಿಯರು ಅಂತಲೂ ನೋಡಲಿಲ್ಲ.

"ಅದನ್ನ ಹೇಳಿದ್ರೆ ಆ ದಿನಾನೂ ಹೇಳ್ಬೇಕಾಗ್ತಿತ್ತಲ್ಲಮ್ಮ."

ಎದ್ದು ಹೋದರು. ಕೋಲು ಬೆಂಚಿನ ಹತ್ತಿರವೇ ಮರೆತಿದ್ದರು. ಓಡಿಹೋಗಿ ಕೊಟ್ಟೆ.

ಆಗಸ್ಟ್ 8

ಆ ವರ್ಷದ ರಿಜಿಸ್ಟರ್ ಕಪಾಟಿನಿಂದ ಹುಡುಕಿ ತೆಗೆದೆ. ಇದೆ. 27.4. ಮುತ್ತಿನಂಥ ಅಕ್ಷರ, ಅಳುಕಿಲ್ಲ. ಹಿಂದಿನ ದಿನದ ಅಂಕಿಗೂ ಅದಕ್ಕೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬೆರಳಿಟ್ಟು ಕೂತೆ. ಅಂಕಿ ಸುಳ್ಳು, ಆದರೆ ಅವರು ಹೆಂಡತಿಯ ಪಕ್ಕದಲ್ಲಿದ್ದರು. ನನ್ನ 12.6 ಅಪ್ಪಟ ನಿಜ. ಎರಡು ಸಲ ಓದಿದ್ದೆನಲ್ಲ.

ಇಲ್ಲಿಯಾದರೂ ಹೇಳಿಬಿಡುತ್ತೇನೆ. ರಿಜಿಸ್ಟರ್ ಬರೀ ನೆಪ. ಮೇಡಂ ರಜೆ ಕೊಡುವುದಿಲ್ಲ ಎಂದಿರಲಿಲ್ಲ, ನಾನು ಕೇಳಿರಲಿಲ್ಲ. ತಾತ ಆಗುವುದಿಲ್ಲ ಎಂದಿರಲಿಲ್ಲ, ನಾನು ಕೇಳಿರಲಿಲ್ಲ. ಹಾಸಿಗೆಯಲ್ಲಿ ಬಿದ್ದ ಅಕ್ಕನನ್ನು ನೋಡಲು ಹೆದರಿದೆ. ನೋಡದಿದ್ದರೆ ಅವಳು ಮಿಷಿನ್ ಮುಂದೆಯೇ ಕೂತಿರುತ್ತಾಳೆ ಎಂದುಕೊಂಡೆ.

ಅವಳು ಗೇಟಿನ ಸದ್ದಿಗೆ ಕತ್ತೆತ್ತುತ್ತಿದ್ದಳು.

27.4ನ್ನು ಹಾಗೆಯೇ ಟೈಪ್ ಮಾಡಿದೆ.

ಆಗಸ್ಟ್ 10, ಸಂಜೆ 5:40

ಗರಿಷ್ಠ 25.3. ಬರೆದು ಮುಗಿಸುವುದರೊಳಗೆ ಫೋನ್. ಪರದೆಯ ಮೇಲೆ 'ಅಕ್ಕ' ಎಂದು ಬಂತು. ಒಂದು ಕ್ಷಣ... ಅವಳ ಫೋನು ಈಗ ಅಮ್ಮನ ಹತ್ತಿರ ಇದೆ.

"ಅವಳ ಕ್ಯಾಲೆಂಡರ್ ಇಪ್ಪತ್ಮೂರಕ್ಕೆ ನಿಂತುಬಿಟ್ಟಿದೆ ಕಣೇ. ಖಾಲಿ ಬಿಟ್ರೆ ಬೈತಾಳೆ. ಮುಂದಿನದ್ದೆಲ್ಲ ಹೇಳ್ತಾ ಹೋಗು, ಬರೀತೀನಿ. ಇರು, ಪೆನ್ನು ತರ್ತೀನಿ. ಇಡಬೇಡ."

ಇಟ್ಟಿಲ್ಲ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಅಮ್ಮ ಹೊಲಿಗೆ ಮಿಷಿನ್ನಿನ ಡ್ರಾಯರ್ ಎಳೆಯುತ್ತಿದ್ದಾಳೆ. ಗುಂಡಿಗಳ ಡಬ್ಬ ಉರುಳಿತು. ಕತ್ತರಿ. ಅಮ್ಮ ಏನೋ ಗೊಣಗುತ್ತಿದ್ದಾಳೆ. ರಿಜಿಸ್ಟರ್ ಎದುರಿಗೇ ಇದೆ, ಹಿಂದಕ್ಕೆ ತಿರುವಿದೆ. ಇಪ್ಪತ್ತನಾಲ್ಕು, ಬೆಳಿಗ್ಗೆ. ನನ್ನದೇ ಅಕ್ಷರ, ಅಳುಕಿಲ್ಲ.

"ಸಿಕ್ತು. ಹೇಳು. ಇಪ್ಪತ್ನಾಲ್ಕನೇ ತಾರೀಕು ಎಷ್ಟು?"

ಹನ್ನೆರಡು ಪಾಯಿಂಟ್...