ನಿನ್ನ ಆಲೂಗಡ್ಡೆ, ನನ್ನ ಸಾಲ

ಲೇ ಕಳ್ಳ,

ನೀನು ತೀರಿಕೊಂಡು ಎರಡು ವರ್ಷವಾದರೂ ನಿನ್ನನ್ನು ಬಯ್ಯದೆ ಇರಲಾಗುತ್ತಿಲ್ಲ. ಬೆಳೆ ಒತ್ತೆಯಿಟ್ಟು ತಂದ ಸಾಲಗಳೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಬೇಕು, ತೀರಿದವನ್ನು ತೆಗೆಸಬೇಕು ಎಂದು ಹೊಸ ಕಾಯ್ದೆ ಬಂದಿದೆ. ಏನನ್ನೂ ಒತ್ತೆಯಿಡದ ನನ್ನ ಹೆಸರೂ ಆ ಪಟ್ಟಿಯಲ್ಲಿದೆ ಎಂದು ಕಾಗದ ಬಂತು; ತೀರಿಸಿದ ಹಳೆಯ ಸಾಲದ ದಾಖಲೆ ತೆಗೆಸಲು ಇವತ್ತು ಕಚೇರಿಗೆ ಹೋಗಿದ್ದೆ.

"ಬ್ಯಾಂಕಿನವರು ನನ್ನ ಮುಖ ನೋಡಿಯೇ ಕೊಟ್ಟಿದ್ರಮ್ಮ," ಎಂದು ಅಲ್ಲಿನ ಹುಡುಗಿಯ ಮುಂದೆ ಕೊಚ್ಚಿಕೊಂಡೆ.

"ನಿಮ್ಮ ಗಡ್ಡ ನೋಡಿ ಅಲ್ಲ ತಾತ, ಆಲೂಗಡ್ಡೆ ನೋಡಿ. ನಿಮ್ಮ ಸಾಲಕ್ಕೆ ನಿಮ್ಮ ಸ್ನೇಹಿತರು ತಮ್ಮ ಬೆಳೆ ಒತ್ತೆ ಇಟ್ಟಿದ್ರು."

ಆ ವರ್ಷವೆಲ್ಲ, ಯಾರಿಗೂ ಒಂದು ಆಲೂಗಡ್ಡೆಯನ್ನೂ ಕೊಡದ ನಿನ್ನನ್ನು ಜಿಪುಣನೆಂದು ಆಡಿಕೊಂಡು ಸಂತೆಯನ್ನೇ ನಗಿಸಿದ್ದೆ. ನೀನೂ ನಕ್ಕಿದ್ದೆ.

ದಾಖಲೆ ರದ್ದಾದರೆ ಬೆಳೆಯ ಒಡೆಯರಿಗೆ ಪತ್ರ ಕಳಿಸಬೇಕಂತೆ. "ಅವರ ವಿಳಾಸ ಹೇಳಿ," ಎಂದಳು.

ನೀನಿಲ್ಲ ಎನ್ನಲು ಬಾಯಿ ಬರಲಿಲ್ಲ. ನನ್ನ ಮನೆಯ ವಿಳಾಸ ಬರೆಸಿ ಬಂದೆ.