ಬೀಗಿತ್ತಿಯ ಹನ್ನೊಂದು ನಿಮಿಷ

ರಾಮಕೃಷ್ಣನಗರ, ಮೈಸೂರು
ಜೂನ್ 14, ಶನಿವಾರ

ಮುದ್ದಿನ ಮಗಳು ಅಕ್ಷತಾಗೆ ಅಮ್ಮನ ಆಶೀರ್ವಾದ.

ನಿನ್ನ ಕಾಲುನೋವು ಹೇಗಿದೆ? ಕಾಲೇಜಿನಲ್ಲಿ ಮೂರು ಪಾಠವನ್ನೂ ನಿಂತೇ ಮಾಡುತ್ತೀಯಂತೆ. ಒಂದು ಕುರ್ಚಿ ತರಿಸಿಕೊಳ್ಳಬಾರದಾ? ಅಳಿಯಂದಿರ ಕೆಮ್ಮು ಕಡಿಮೆಯಾಯಿತೆ? ವಿಜಯಪುರದ ಧೂಳಿಗೆ ಮೆಣಸಿನ ಕಷಾಯವೇ ಸರಿ, ಮಾತ್ರೆ ನುಂಗಿಸಬೇಡ. ಇಲ್ಲಿ ನಿಮ್ಮಪ್ಪನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಫೋನ್ ಇರುವಾಗ ಇವಳಿಗೇಕಪ್ಪ ಕಾಗದ ಎಂದುಕೊಳ್ಳಬೇಡ. ಫೋನ್ ಮಾಡಿದರೆ ನೀನು "ಬೇಗ ಹೇಳಮ್ಮ, ಕ್ಲಾಸಿದೆ" ಅನ್ನುತ್ತೀಯ. ಕಾಗದಕ್ಕೆ ಹಾಗನ್ನಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬಳಗದ ಶನಿವಾರದ ವಚನ ಗಾಯನ ಈಗ ಕಂಪ್ಯೂಟರಿನಲ್ಲೇ ನಡೆಯುತ್ತದೆ ಎಂದು ಹೇಳಿದ್ದೆನಲ್ಲ. ಅದಕ್ಕೆ ಸೇರಿಕೊಳ್ಳುವುದು ಹೇಗೆಂದು ಕೇಳಿದಾಗ, ನೀನು ನಿನ್ನ ಕಂಪ್ಯೂಟರಿನ ಪರದೆಯ ಮೇಲೆ ಮಾಡಿದ್ದನ್ನೆಲ್ಲ ಹಾಗೆ ಹಾಗೆಯೇ ವಿಡಿಯೋ ಮಾಡಿ, ಮೇಲೆ ನಿನ್ನ ದನಿ ಸೇರಿಸಿ ಕಳಿಸಿದ್ದೆ. ಎಷ್ಟು ಹಿಗ್ಗಿದ್ದೆ ಗೊತ್ತಾ! ಪಕ್ಕದ ಮನೆ ಸುಚಿತ್ರಾಳನ್ನೂ ಕರೆದು ತೋರಿಸಿದೆ. ಮೂರು ನಿಮಿಷದ ವಿಡಿಯೋ. "ಇಲ್ಲೊತ್ತು, ಇಲ್ಲೊತ್ತು, ಮೈಕ್ ಆಫ್ ಮಾಡ್ಕೋ, ಆಯ್ತಲ್ಲಮ್ಮ, ಇಡ್ಲಾ?" ಪರದೆಯ ಮೇಲಿನ ಬಾಣ ಅತ್ತಿಂದಿತ್ತ ಓಡಿದ ರಭಸಕ್ಕೆ ನನಗೆ ಕಣ್ಣು ಕತ್ತಲೆ ಬಂತು. ಆದರೂ ಬೇಸರ ಮಾಡಿಕೊಳ್ಳಲಿಲ್ಲ. ಪಾಪ, ಮಗಳಿಗೆ ಪುರಸೊತ್ತಿಲ್ಲ ಎಂದುಕೊಂಡು ಇಪ್ಪತ್ತು ಸಲ ನೋಡಿ ಕಲಿತೆ.

ಕಳೆದ ಸೋಮವಾರ ಸಿದ್ಧಾರ್ಥನಗರಕ್ಕೆ ಹೋಗಿದ್ದೆ, ನಿಮ್ಮತ್ತೆ ಭಾಗ್ಯಮ್ಮನವರನ್ನು ನೋಡಿಕೊಂಡು ಬರೋಣವೆಂದು. ಅವರೂ ನಮ್ಮ ಬಳಗದವರೇ ತಾನೆ. ಕೂತು ಎರಡು ಮಾತಾಡುವಷ್ಟರಲ್ಲಿ, "ನಮ್ ಸೊಸೆ ನಂಗೂ ಒಂದು ಮಾಡ್ಕೊಟ್ಟವಳೆ, ನೋಡಿ ಬೀಗಿತ್ತೀರೆ" ಎಂದು ಕಂಪ್ಯೂಟರ್ ಹಾಕಿದರು. ಪೆನ್‌ಡ್ರೈವಿನಲ್ಲಿ ತಂದು ಅಳಿಯಂದಿರೇ ಹಾಕಿಕೊಟ್ಟು ಹೋದರಂತೆ. ಹನ್ನೊಂದು ನಿಮಿಷ ಕಣೇ ಅಕ್ಷತಾ, ಹನ್ನೊಂದು! ಅದರಲ್ಲಿ ಬಾಣ ಬಸುರಿ ಹೆಂಗಸಿನ ಹಾಗೆ ನಿಧಾನಕ್ಕೆ ನಡೆಯುತ್ತದೆ. ಒತ್ತಬೇಕಾದ ಕಡೆಯೆಲ್ಲ ಕೆಂಪು ಸುತ್ತು ಬೇರೆ. "ಅತ್ತೆ, ಬಾಣ ಎಲ್ಲಿದೆ ನೋಡ್ಕೊಳ್ಳಿ. ಸಿಕ್ತಾ? ಅವಸರ ಇಲ್ಲ. ತಪ್ಪಾದ್ರೂ ಏನೂ ಕೆಡಲ್ಲ, ನಾನಿದೀನಿ." ನೀನು "ಸಿಕ್ತಾ" ಎಂದು ಕೇಳಿ ಸುಮ್ಮನಾಗುತ್ತೀಯಲ್ಲ, ಆಗ ನಿಮ್ಮತ್ತೆ ಪರದೆಗೆ "ಸಿಕ್ತು ಕಣವ್ವ" ಎಂದು ಉತ್ತರ ಕೊಡುತ್ತಾರೆ. ಪ್ರತಿ ಸಲವೂ ಕೊಡುತ್ತಾರೆ. ನಾನು ಪಕ್ಕದಲ್ಲಿ ಕೂತು ಚಕ್ಕುಲಿ ಮುರಿಯುತ್ತಾ ಕೇಳಿಸಿಕೊಂಡೆ.

ಮುಚ್ಚುಮರೆ ಯಾಕೆ, ನನಗೆ ಹೊಟ್ಟೆ ಉರಿಯಿತು. ಬಸ್ಸಿನಲ್ಲಿ ಬರುವಾಗಲೂ ಉರಿಯುತ್ತಿತ್ತು, ಈಗಲೂ ಉರಿಯುತ್ತಿದೆ. ಅವರು ಒಳ್ಳೆಯವರೇ, ನಿನ್ನನ್ನು ಮಗಳ ಹಾಗೆ ನೋಡಿಕೊಳ್ಳುತ್ತಾರೆ, ನಾನಿಲ್ಲವೆನ್ನುವುದಿಲ್ಲ. ಆದರೆ ನಿನಗೆ ಒಂಬತ್ತರ ಮಗ್ಗಿ ಬಾಯಿಗೆ ಬರಲೆಂದು ಒಂದು ಇಡೀ ಬೇಸಿಗೆ ರಜೆ ರೊಟ್ಟಿ ತಟ್ಟುತ್ತಾ ಹೇಳಿಕೊಟ್ಟವಳು ನಾನು. ಒಂದು ದಿನವಾದರೂ "ಬೇಗ ಹೇಳು" ಅಂದೆನಾ? ಅಷ್ಟು ಮೆತ್ತಗಿನ ದನಿ ನಿನ್ನಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ ಮಗಳೇ. ಅದನ್ನು ಬೀಗಿತ್ತಿಯ ಮನೆಯಲ್ಲಿ, ಅವರ ಕಂಪ್ಯೂಟರಿನಲ್ಲಿ ಕೇಳಬೇಕಾಯಿತು. ಅಮ್ಮನಾದರೆ ಹೇಗೆ ಹೇಳಿದರೂ ನಡೆಯುತ್ತದೆ ಎನ್ನುವುದು ನಿನ್ನ ಲೆಕ್ಕವಿರಬಹುದು. ನಡೆಯುತ್ತದೆ, ಸರಿ. ಆದರೂ ಒಂದು ಸಲ ನನಗೂ "ಸಿಕ್ತಾ" ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಇರಲಿ ಬಿಡು. ಉಪ್ಪಿನಕಾಯಿ ಎರಡು ಡಬ್ಬಿ ತುಂಬಿಸಿದ್ದೇನೆ. ಅಳಿಯಂದಿರು ಈ ಕಡೆ ಬಂದಾಗ ಕೊಟ್ಟು ಕಳಿಸುತ್ತೇನೆ, ದೊಡ್ಡದು ನಿನ್ನದು. ಇಬ್ಬರೂ ಹೊತ್ತು ಹೊತ್ತಿಗೆ ಉಣ್ಣಿ. ಮಾದಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಪಾರ್ವತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ನ ಸೇರುವುದಿಲ್ಲ. ಅವತ್ತು ಭಾಗ್ಯಮ್ಮನವರು ಕಾಫಿ ತರಲು ಒಳಗೆ ಹೋದಾಗ ಆ ವಿಡಿಯೋ ಅಳಿಸಿದ್ದು ನಾನೇ. ಕಂಪ್ಯೂಟರಿನ ಕಸದ ಬುಟ್ಟಿಯಿಂದಲೂ ತೆಗೆದುಬಿಟ್ಟೆ. ತಾವೇ ಏನೋ ಒತ್ತಿ ಕಳೆದುಕೊಂಡೆವೆಂದು ನಿಮ್ಮತ್ತೆ ನಿನ್ನೆ ಫೋನಿನಲ್ಲಿ ಅತ್ತರು. "ಅಕ್ಷತಂಗೆ ಹೇಳ್ಬೇಡಿ, ಇಷ್ಟೂ ಗೊತ್ತಾಗಲ್ವಾ ಅಂತ ಬೇಜಾರು ಮಾಡ್ಕತಾಳೆ" ಎಂದರು. ಅವರಿಗೂ ನಿನ್ನ ಬೇಜಾರಿನ ಭಯ ಇದೆಯೆಂದು ಆಗ ತಿಳಿಯಿತು. ನಾನು ಬಾಯಿ ಬಿಡಲಿಲ್ಲ. ನೀನೂ ಬಿಡಬೇಡ, ಆ ಜೀವ ನೊಂದುಕೊಳ್ಳುತ್ತದೆ. ನೀನಾಗಿಯೇ ಕಳಿಸಿದ ಹಾಗೆ ಅವರಿಗೆ ಇನ್ನೊಂದು ವಿಡಿಯೋ ಮಾಡಿ ಕಳಿಸು, ಆದಷ್ಟು ಬೇಗ. ಆದರೆ ಮೊದಲು ನನಗೆ ಮಾಡು.