ಸೊಸೈಟಿ ಮನೆಯ ಗೋಡೆ

೧೪-೧೧-೧೯೫೮, ಶುಕ್ರವಾರ. ಶಿಕಾರಿಪುರ

ಮನೆ ಇವತ್ತೂ ಮಾರಾಟವಾಗಲಿಲ್ಲ. ನನಗೆ ಸೊರಬಕ್ಕೆ ವರ್ಗವಾಗಿ ತಿಂಗಳಾಯಿತು, ಹೌಸಿಂಗ್ ಸೊಸೈಟಿಯ ಈ ಎರಡು ಕೋಣೆ ಮನೆ ಮಾತ್ರ ಕೊರಳಿಗೆ ಬಿದ್ದಿದೆ. ನನ್ನದೇ ಮನೆ, ಆದರೆ ಕಮಿಟಿ ಒಪ್ಪದೆ ಯಾರಿಗೂ ಕೊಡುವಂತಿಲ್ಲ.

ಶಿರಾಳಕೊಪ್ಪದ ಕಂಬಳಿ ಅಂಗಡಿ ಲೋಕಪ್ಪನಿಗೆ ಮನೆ ಹಿಡಿಸಿತ್ತು. ಮೊನ್ನೆ ಅವನ ಹೆಂಡತಿಗೆ ನನ್ನಾಕೆ ವನಜ ಕುಂಕುಮವಿಟ್ಟು ಎಲೆ ಅಡಿಕೆ ಕೊಟ್ಟಳು. ಅಲ್ಲಿಗೆ ಮಾತು ಕೊಟ್ಟ ಹಾಗೆಯೇ.

ಇವತ್ತು ಕಮಿಟಿಯಲ್ಲಿ ಅಧ್ಯಕ್ಷರು ಹುಚ್ಚರಾಯಪ್ಪನವರು, ನಮ್ಮ ಪಕ್ಕದ ಮನೆಯವರೇ, ಲೋಕಪ್ಪನನ್ನು ಕೇಳಿದರು: "ಕುರಿ ಎಲ್ಲಿ ಕಟ್ತೀಯಪ್ಪ?"

"ಕುರಿ ನಮ್ಮಪ್ಪನ ಕಾಲಕ್ಕೇ ಹೋದ್ವು ರೀ. ನಂದು ಬರೀ ಅಂಗಡಿ."

"ಇವತ್ತಿಲ್ಲ, ನಾಳೆ ನಿಮ್ಮೋರು ಹೊಡ್ಕೊಂಡು ಬರ್ತಾರೆ. ಸೊಸೈಟೀಲಿ ಜಾನುವಾರು ಕಟ್ಟೋ ಹಾಗಿಲ್ಲ."

ಲೋಕಪ್ಪ ನನ್ನ ಮುಖ ನೋಡಿದ, ಆಮೇಲೆ ಎಲ್ಲರಿಗೂ ಕೈ ಮುಗಿದು ಎದ್ದು ಹೋದ.

"ಎಲೆ ಅಡಿಕೆ ಕೊಟ್ಟಾಗಿದೆಯಲ್ರೀ, ಈಗ ಅವರಿಗೆ ಏನು ಹೇಳೋದು?" ಅಂತ ವನಜ ಊಟಕ್ಕೆ ಬಡಿಸುತ್ತ ಕೇಳಿದಳು.

ಇದನ್ನು ಬರೆಯುತ್ತಿರುವಾಗ ಹುಚ್ಚರಾಯಪ್ಪನವರ ಎಮ್ಮೆ ಆಚೆಯಿಂದ ನಮ್ಮ ಗೋಡೆಗೆ ಬೆನ್ನು ತಿಕ್ಕುತ್ತಿದೆ. ಗೂಡಿನಲ್ಲಿಟ್ಟ ದೀಪ ನಡುಗುತ್ತಿದೆ. ಬೆಳಗಾದರೆ ನಮ್ಮ ಕಾಫಿಗೂ ಅದರದೇ ಹಾಲು.